ಮೊಲದ ಪ್ರತಿಕಾಯಕ್ಕೆ ಮನುಷ್ಯರ ಕಿಣ್ವ ಗೊತ್ತಾಗುವುದು ಹೇಗೆ?

ಪ್ರಶ್ನೆ: ನಮ್ಮ ದೊಡ್ಡಪ್ಪನವರಿಗೆ ಕೈ ನಡುಕ. ಪಾರ್ಕಿನ್ಸನ್ ಕಾಯಿಲೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಿರುವ ನಮ್ಮ ಅಣ್ಣನ ಮಗಳು ಹಬ್ಬಕ್ಕೆ ಬಂದಾಗ ಒಂದು ಚಿತ್ರ ತೋರಿಸಿದಳು. ಮನುಷ್ಯರ ಮಿದುಳಿನ ತೆಳು ಪದರ, ಅದರಲ್ಲಿ ಅಲ್ಲಲ್ಲಿ ಬಣ್ಣ ಹಿಡಿದ ಜೀವಕೋಶಗಳು. ಕೆಳಗೆ ‘ಟೈರೋಸಿನ್ ಹೈಡ್ರಾಕ್ಸಿಲೇಸ್, ಮೊಲದ ಪ್ರತಿಕಾಯ, 1:500’ ಎಂದು ಬರೆದಿತ್ತು. ದೊಡ್ಡಪ್ಪನ ಕಾಯಿಲೆಗೂ ಇದಕ್ಕೂ ಸಂಬಂಧ ಇದೆ ಅಂದಳು. ಮೊಲದ ಮೈಯಲ್ಲಿ ತಯಾರಾದ ವಸ್ತುವಿಗೆ ಮನುಷ್ಯರ ಮಿದುಳಿನ ಕಿಣ್ವ ಗೊತ್ತಾಗುವುದು ಹೇಗೆ? ಬಣ್ಣ ಹಿಡಿಯದ ಕಡೆ ಕೋಶ ಸತ್ತಿದೆ ಎಂದೇ ಅರ್ಥವೇ? ದೊಡ್ಡಪ್ಪನವರಿಗೆ ಈ ಪರೀಕ್ಷೆ ಮಾಡಿಸಬಹುದೇ?
— ಓದುಗರು, ಹಿರೇನಲ್ಲೂರು, ಕಡೂರು ತಾಲ್ಲೂಕು

ಉತ್ತರ: ಮೊದಲು ಆ ಕಿಣ್ವ ಮಾಡುವ ಕೆಲಸ ಏನೆಂದು ನೋಡೋಣ. ಅದು ತಿಳಿದರೆ ಮೂರು ಪ್ರಶ್ನೆಗಳಿಗೂ ದಾರಿ ಸಿಗುತ್ತದೆ.

ಬೇಳೆ, ಹಾಲು, ಮೊಟ್ಟೆ, ಮಾಂಸ, ಯಾವುದನ್ನು ತಿಂದರೂ ಅದರ ಪ್ರೋಟೀನು ಹೊಟ್ಟೆಯಲ್ಲಿ ಒಡೆದು ಅಮೈನೋ ಆಮ್ಲಗಳಾಗುತ್ತದೆ. ಅವುಗಳಲ್ಲಿ ಟೈರೋಸಿನ್ ಒಂದು. ಮಿದುಳಿನ ಕೆಲವೇ ನರಕೋಶಗಳು ಟೈರೋಸಿನ್ನನ್ನು ಒಳಗೆಳೆದುಕೊಂಡು ಅದಕ್ಕೆ ಆಮ್ಲಜನಕದ ಒಂದು ಪರಮಾಣುವನ್ನು ಸೇರಿಸುತ್ತವೆ. ಆಗ ಎಲ್-ಡೋಪಾ ಹುಟ್ಟುತ್ತದೆ. ಮತ್ತೊಂದು ಕಿಣ್ವ ಅದನ್ನು ಡೋಪಮಿನ್ ಮಾಡುತ್ತದೆ. ನಾವು ಕೈ ಎತ್ತುವುದು, ಹೆಜ್ಜೆ ಇಡುವುದು, ಗುಂಡಿ ಹಾಕಿಕೊಳ್ಳುವುದು ಸಲೀಸಾಗಿ ನಡೆಯಬೇಕಾದರೆ ಈ ಡೋಪಮಿನ್ ಬೇಕು. ಮೊದಲ ಹೆಜ್ಜೆಯನ್ನು, ಅಂದರೆ ಟೈರೋಸಿನ್ನನ್ನು ಎಲ್-ಡೋಪಾ ಮಾಡುವ ಕೆಲಸವನ್ನು, ನಡೆಸುವುದೇ ಟೈರೋಸಿನ್ ಹೈಡ್ರಾಕ್ಸಿಲೇಸ್. ಇಡೀ ಸಾಲಿನಲ್ಲಿ ಅತಿ ನಿಧಾನದ ಹೆಜ್ಜೆ ಅದೇ ಆದ್ದರಿಂದ ಎಷ್ಟು ಡೋಪಮಿನ್ ತಯಾರಾಗಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಜಪಾನಿನ ತೋಷಿಹರು ನಾಗತ್ಸು ಅಮೆರಿಕದಲ್ಲಿ ಲೆವಿಟ್ ಮತ್ತು ಉಡೆನ್‌ಫ್ರೆಂಡ್ ಜೊತೆ ಕೆಲಸ ಮಾಡುತ್ತಾ 1964ರಲ್ಲಿ ಈ ಕಿಣ್ವವನ್ನು ಗುರುತಿಸಿದರು.

ಎಲ್-ಡೋಪಾ ನಿಮ್ಮ ಕಡೆಯ ಬೇಲಿಸಾಲಿನಲ್ಲೂ ಇದೆ. ಮೈಗೆ ತಾಗಿದರೆ ಉರಿದುರಿದು ತುರಿಕೆ ತರಿಸುವ ನಸುಗುನ್ನಿ ಬಳ್ಳಿ ಎಲ್ಲರಿಗೂ ಗೊತ್ತು. ಅದರ ಕಾಯಿಯ ಸುಂಕು ತುರಿಸುತ್ತದೆ, ಒಳಗಿನ ಬೀಜದಲ್ಲಿ ಎಲ್-ಡೋಪಾ ಇರುತ್ತದೆ. ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಆ ಬೀಜದಿಂದ ಎಲ್-ಡೋಪಾವನ್ನು ಬೇರ್ಪಡಿಸಿ 1937ರಲ್ಲಿ ಪ್ರಕಟಿಸಿದರು. ಪಾರ್ಕಿನ್ಸನ್ ಕಾಯಿಲೆಗೆ ಎಲ್-ಡೋಪಾ ಮದ್ದಾಗಬಹುದು ಎಂಬ ಯೋಚನೆ ಜಗತ್ತಿನಲ್ಲಿ ಯಾರಿಗೂ ಹೊಳೆಯುವುದಕ್ಕೆ ಇಪ್ಪತ್ತು ವರ್ಷಕ್ಕೂ ಮೊದಲಿನ ಮಾತಿದು. ಆಯುರ್ವೇದದವರು ಕಂಪವಾತಕ್ಕೆ ಈ ಬೀಜವನ್ನು ಬಳಸಿದ್ದಕ್ಕೆ ರಸಾಯನಶಾಸ್ತ್ರದ ಕಡೆಯಿಂದ ಸಿಕ್ಕ ವಿವರಣೆ ಅದು. ನಿಮ್ಮ ದೊಡ್ಡಪ್ಪನವರ ಮಾತ್ರೆಯಲ್ಲೂ ಬಹುಶಃ ಇದೇ ವಸ್ತು ಇರುತ್ತದೆ. ಅದರ ಜೊತೆಗೆ, ಅದು ಮಿದುಳು ತಲುಪುವ ಮುನ್ನ ದಾರಿಯಲ್ಲೇ ಡೋಪಮಿನ್ ಆಗಿಬಿಡದಂತೆ ತಡೆಯುವ ಕಾರ್ಬಿಡೋಪಾ ಸೇರಿರುತ್ತದೆ.

ಮನುಷ್ಯರ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನಡುಕಕ್ಕೆ ಸಂಬಂಧಪಟ್ಟ ಡೋಪಮಿನ್ ಕೋಶಗಳು ಅವುಗಳಲ್ಲಿ ಕೆಲವು ಲಕ್ಷ ಮಾತ್ರ. ಅವು ಇರುವುದು ನಡುಮಿದುಳಿನ ‘ಸಬ್‌ಸ್ಟಾನ್ಷಿಯಾ ನೈಗ್ರಾ’ ಎಂಬ ಜಾಗದಲ್ಲಿ. ನಡುಮಿದುಳನ್ನು ಅಡ್ಡ ಕುಯ್ದರೆ ಎಡಕ್ಕೊಂದು ಬಲಕ್ಕೊಂದು ಕಪ್ಪು ಪಟ್ಟಿ ಬರಿಗಣ್ಣಿಗೇ ಕಾಣುತ್ತದೆ. ಆ ಕೋಶಗಳೊಳಗೆ ವಯಸ್ಸಾದಂತೆ ಕೂಡಿಕೊಳ್ಳುವ ನ್ಯೂರೋಮೆಲನಿನ್ ಎಂಬ ವರ್ಣದ್ರವ್ಯದಿಂದ ಆ ಕಪ್ಪು ಬರುತ್ತದೆ. ಪಾರ್ಕಿನ್ಸನ್ ಇದ್ದವರ ಮಿದುಳಿನಲ್ಲಿ ಈ ಪಟ್ಟಿ ಮಾಸಿ ಬಿಳಿಚಿಕೊಂಡಿರುತ್ತದೆ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಲಕ್ಷಣಗಳನ್ನು 1817ರಲ್ಲೇ ಬರೆದಿದ್ದರೂ, ತೊಂದರೆ ಇರುವ ಜಾಗ ಇದೇ ಎಂದು ತ್ರೆಟಿಯಾಕಾಫ್ ತೋರಿಸಿದ್ದು 1919ರಲ್ಲಿ. ಸತ್ತ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ತೀರಾ ಕಡಿಮೆ ಇದೆ ಎಂದು ವಿಯೆನ್ನಾದ ಹಾರ್ನಿಕಿವಿಟ್ಸ್ ಕಂಡುಕೊಂಡಿದ್ದು 1960ರಲ್ಲಿ.

ಇನ್ನು ಮೊಲದ ವಿಚಾರಕ್ಕೆ ಬರೋಣ.

ಮೈಯೊಳಗೆ ಹೊರಗಿನ ಪ್ರೋಟೀನು ಹೊಕ್ಕರೆ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಪ್ರತಿಕಾಯವೂ ಒಂದು ಪ್ರೋಟೀನೇ. ಅದರ ತುದಿಯಲ್ಲಿರುವ ಸಂದಿನ ಆಕಾರಕ್ಕೆ ಯಾವ ವಸ್ತುವಿನ ಯಾವ ಭಾಗ ಒಪ್ಪುತ್ತದೋ ಅದನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಲಸಿಕೆ ಹಾಕಿಸಿಕೊಂಡಾಗ ನಮ್ಮ ಮೈಯಲ್ಲಿ ನಡೆಯುವುದೂ ಇದೇ. ಪ್ರಯೋಗಾಲಯಕ್ಕೆ ಬೇಕಾದ ಪ್ರತಿಕಾಯಕ್ಕಾಗಿ ಶುದ್ಧ ಮಾಡಿದ ಟೈರೋಸಿನ್ ಹೈಡ್ರಾಕ್ಸಿಲೇಸನ್ನು ಮೊಲಕ್ಕೆ ಚುಚ್ಚುತ್ತಾರೆ. ಕೆಲವು ವಾರಗಳ ಅಂತರದಲ್ಲಿ ಮತ್ತೆ ಚುಚ್ಚುತ್ತಾರೆ. ಆಮೇಲೆ ಮೊಲದ ರಕ್ತದಿಂದ ಸೀರಮ್ ತೆಗೆದು, ಆ ಕಿಣ್ವಕ್ಕೆ ಅಂಟುವ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಇಲಿಯ ಅಡ್ರಿನಲ್ ಗ್ರಂಥಿಯ ಒಂದು ಬಗೆಯ ಗೆಡ್ಡೆಯಲ್ಲಿ ಈ ಕಿಣ್ವ ಹೇರಳವಾಗಿ ಸಿಗುತ್ತದೆ. ಹಾಗಾಗಿ ಮೊಲಕ್ಕೆ ಚುಚ್ಚುವುದು ಬಹಳ ಸಲ ಇಲಿಯ ಕಿಣ್ವವನ್ನೇ.

ಇಲ್ಲೊಂದು ಅನುಮಾನ ಬರುವುದು ಸಹಜ. ಮೊಲಕ್ಕೂ ಮಿದುಳಿದೆ, ಅದರಲ್ಲೂ ಇದೇ ಕಿಣ್ವ ಇದೆ. ತನ್ನಲ್ಲೇ ಇರುವ ವಸ್ತುವಿನ ಮೇಲೆ ಮೊಲದ ಮೈ ಯಾಕೆ ತಿರುಗಿಬೀಳಬೇಕು? ಸುಮಾರು 500 ಅಮೈನೋ ಆಮ್ಲಗಳ ಸರಪಳಿ ಸುತ್ತಿಸುತ್ತಿ ಉಂಡೆಯಾಗಿ, ಅಂಥ ನಾಲ್ಕು ಉಂಡೆ ಸೇರಿ ಒಂದು ಪೂರ್ತಿ ಕಿಣ್ವವಾಗುತ್ತದೆ. ಪ್ರತಿಕಾಯಕ್ಕೆ ಅಷ್ಟೂ ಬೇಕಿಲ್ಲ, ಹತ್ತು ಹದಿನೈದು ಅಮೈನೋ ಆಮ್ಲಗಳಷ್ಟು ಜಾಗ ಸಾಕು. ಇಲಿಗೂ ಮೊಲಕ್ಕೂ ಕಿಣ್ವದ ಬಹುಭಾಗ ಒಂದೇ ಥರ ಇದ್ದರೂ ಅಲ್ಲಲ್ಲಿ ಸಣ್ಣ ವ್ಯತ್ಯಾಸಗಳಿರುತ್ತವೆ. ಜೊತೆಗೆ, ಚುಚ್ಚುವ ಮೊದಲು ಕಿಣ್ವದ ಸುರುಳಿಯನ್ನು ಬಿಚ್ಚಿಬಿಟ್ಟಿದ್ದರೆ ಸಾಮಾನ್ಯವಾಗಿ ಒಳಗೆ ಅಡಗಿರುವ ಭಾಗಗಳು ಹೊರಗೆ ಬರುತ್ತವೆ. ಮೊಲದ ರೋಗನಿರೋಧಕ ಕೋಶಗಳಿಗೆ ಅವು ಪರಿಚಯವಿಲ್ಲದ ಮುಖಗಳು. ಹಾಗೆ ಹುಟ್ಟಿದ ಪ್ರತಿಕಾಯಗಳಲ್ಲಿ ಕೆಲವು, ಇಲಿಗೂ ಮನುಷ್ಯರಿಗೂ ಸಮಾನವಾಗಿರುವ ಭಾಗಗಳಿಗೆ ಅಂಟುತ್ತವೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ. ಮೊಲದ ಪ್ರತಿಕಾಯಕ್ಕೆ ಮನುಷ್ಯ ಯಾರು, ಇಲಿ ಯಾರು ಎಂಬುದು ಗೊತ್ತಿಲ್ಲ. ಪ್ರೋಟೀನಿನ ಒಂದು ಸಣ್ಣ ತುಣುಕಿನ ಆಕಾರ ಗೊತ್ತು, ಅದು ಎಲ್ಲಿ ಸಿಕ್ಕಿದರೂ ಹಿಡಿಯುತ್ತದೆ.

ಈ ಗುಣದಿಂದಲೇ ತೊಂದರೆಯೂ ಬರುತ್ತದೆ. ಟೈರೋಸಿನ್ ಹೈಡ್ರಾಕ್ಸಿಲೇಸಿಗೆ ಹತ್ತಿರದ ದಾಯಾದಿಗಳು ಇಬ್ಬರಿದ್ದಾರೆ. ಒಂದು ಯಕೃತ್ತಿನಲ್ಲಿ ಫಿನೈಲಅಲನಿನ್ ಮೇಲೆ ಕೆಲಸ ಮಾಡುವ ಕಿಣ್ವ, ಇನ್ನೊಂದು ಸೆರೊಟೋನಿನ್ ತಯಾರಿಸುವ ನರಕೋಶಗಳಲ್ಲಿ ಟ್ರಿಪ್ಟೊಫಾನ್ ಮೇಲೆ ಕೆಲಸ ಮಾಡುವ ಕಿಣ್ವ. ಮೂರರ ನಡುಭಾಗವೂ ಬಹಳ ಹೋಲುತ್ತದೆ, ಒಂದು ತುದಿ ಮಾತ್ರ ಬೇರೆ. ಪಿಎಚ್8 ಎಂಬ ಹೆಸರಿನ ಪ್ರತಿಕಾಯ ಈ ಮೂರೂ ಕಿಣ್ವಗಳನ್ನು ಹಿಡಿಯಬಲ್ಲದು. ಮೂರನ್ನೂ ಹುಡುಕುವವರಿಗೆ ಅದು ವರ. ಡೋಪಮಿನ್ ಕೋಶಗಳನ್ನಷ್ಟೇ ಎಣಿಸಬೇಕಾದವರ ಕೈಗೆ ಅಂಥದ್ದು ಸಿಕ್ಕರೆ ಲೆಕ್ಕವೇ ತಪ್ಪುತ್ತದೆ. ಕಿಣ್ವದ ಯಾವ ಭಾಗಕ್ಕೆ ಅಂಟುವ ಪ್ರತಿಕಾಯ ಎಂದು ಮೊದಲೇ ವಿಚಾರಿಸುವುದು ಅದಕ್ಕೇ.

ಒಂದೊಂದು ಮೊಲ ಕೊಡುವ ಸೀರಮ್ಮಿನಲ್ಲಿ ಹಲವು ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. ಆ ಮೊಲ ತೀರಿಕೊಂಡರೆ ಅದೇ ಮಿಶ್ರಣ ಮತ್ತೆ ಸಿಗುವುದಿಲ್ಲ. ಇದಕ್ಕೆ ಪರಿಹಾರ ತೋರಿಸಿದವರು ಕೋಲರ್ ಮತ್ತು ಮಿಲ್‌ಸ್ಟೈನ್. ಅವರು 1975ರಲ್ಲಿ ಪ್ರತಿಕಾಯ ಮಾಡುವ ಇಲಿಯ ಕೋಶವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದ ಜೊತೆ ಬೆಸೆದರು. ಆ ಜೋಡಿಕೋಶ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಕಾಲ ಸುರಿಸುತ್ತಿರುತ್ತದೆ. 1984ರಲ್ಲಿ ಅವರಿಗೆ ನೊಬೆಲ್ ಬಂತು. ಈಗ ಮಾರುಕಟ್ಟೆಯಲ್ಲಿ ಎರಡೂ ಬಗೆ ಸಿಗುತ್ತವೆ. ಚಿಟಿಕೆ ದ್ರವವಿರುವ ಒಂದು ಪುಟ್ಟ ಬಾಟಲಿಗೆ ಹತ್ತಾರು ಸಾವಿರ ರೂಪಾಯಿ. ಅದು ತಂಪಿನಲ್ಲೇ ಬರಬೇಕು, ತಂಪಿನಲ್ಲೇ ಇರಬೇಕು. ‘1:500’ ಅಂದರೆ ಅದರ ಒಂದು ಪಾಲನ್ನು ಐನೂರು ಪಾಲಿಗೆ ತೆಳುಮಾಡಿದ್ದಾರೆ ಎಂದರ್ಥ. ಗಟ್ಟಿಯಾದರೆ ಎಲ್ಲೆಂದರಲ್ಲಿ ಅಂಟಿ ಪದರವೆಲ್ಲ ಕಂದುಗಟ್ಟುತ್ತದೆ, ತೀರಾ ತೆಳುವಾದರೆ ಇರುವ ಕಿಣ್ವವೂ ಕಾಣದೆ ಹೋಗುತ್ತದೆ. ಬಾಟಲಿ ಬದಲಾದಾಗಲೆಲ್ಲ ಈ ಹದವನ್ನು ಮತ್ತೆ ಹುಡುಕಿಕೊಳ್ಳಬೇಕು.

ಪ್ರತಿಕಾಯ ಅಂಟಿಕೊಂಡ ಮಾತ್ರಕ್ಕೆ ನಮ್ಮ ಕಣ್ಣಿಗೇನೂ ಕಾಣದು. ಅದಕ್ಕೆ ಬಣ್ಣ ಕೊಡುವ ಕೆಲಸದಲ್ಲಿ ಎಷ್ಟೊಂದು ಜೀವಿಗಳ ಪಾಲಿದೆ ನೋಡಿ. ಫಾರ್ಮಲಿನ್ನಿನಲ್ಲಿಟ್ಟು ಗಟ್ಟಿಮಾಡಿದ ಮಿದುಳಿನ ತುಂಡನ್ನು ಮೇಣದಲ್ಲಿ ಹೂತು, ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು ತೆಳುವಾಗಿ ಸೀಳುತ್ತಾರೆ. ಫಾರ್ಮಲಿನ್ ಕೋಶವನ್ನು ಕೊಳೆಯದಂತೆ ಕಾಪಾಡುತ್ತದೆ ನಿಜ, ಆದರೆ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ. ಆಗ ಪ್ರತಿಕಾಯ ಹಿಡಿಯಬೇಕಾದ ಜಾಗ ಮುಚ್ಚಿಹೋಗುತ್ತದೆ. ಗಾಜಿನ ಸ್ಲೈಡ್ ಮೇಲಿನ ಪದರವನ್ನು ದ್ರಾವಣದಲ್ಲಿ ಮುಳುಗಿಸಿ ಮೈಕ್ರೋವೇವ್ ಒಲೆಯಲ್ಲಿ ಕಾಯಿಸಿದರೆ ಆ ಜಾಗ ಮತ್ತೆ ತೆರೆದುಕೊಳ್ಳುತ್ತದೆ ಎಂದು 1991ರಲ್ಲಿ ಶಾನ್‌ರಾಂಗ್ ಶೀ ಮತ್ತು ಸಂಗಡಿಗರು ತೋರಿಸಿದರು. ದಶಕಗಳಿಂದ ಮೇಣದಲ್ಲಿ ಕೂತಿದ್ದ ಹಳೆಯ ತುಂಡುಗಳನ್ನೂ ಪರೀಕ್ಷೆ ಮಾಡುವಂತಾಗಿದ್ದು ಆಮೇಲೆ.

ಕಾಯಿಸಿದ ಪದರದ ಮೇಲೆ ಮೊಲದ ಪ್ರತಿಕಾಯ ಹಾಕಿ, ರಾತ್ರಿಯಿಡೀ ತಂಪಿನಲ್ಲಿ ಬಿಡುತ್ತಾರೆ. ಬೆಳಿಗ್ಗೆ ತೊಳೆದು, ಮೊಲದ ಪ್ರತಿಕಾಯವನ್ನೇ ಹಿಡಿಯುವ ಇನ್ನೊಂದು ಪ್ರತಿಕಾಯ ಹಾಕುತ್ತಾರೆ. ಇದು ಮೇಕೆಯಿಂದ ಬಂದದ್ದು. ಮೇಕೆಯ ಪ್ರತಿಕಾಯಕ್ಕೆ ಬಯೋಟಿನ್ ಎಂಬ ವಿಟಮಿನ್ ಕಟ್ಟಿರುತ್ತಾರೆ. ಬಯೋಟಿನ್ನನ್ನು ಬಿಡದೆ ಹಿಡಿಯುವ ಅವಿಡಿನ್ ಸಿಗುವುದು ಕೋಳಿಮೊಟ್ಟೆಯ ಬಿಳಿ ಲೋಳೆಯಲ್ಲಿ. ಅದರ ಜೊತೆ ಸಾಸಿವೆ ಕುಟುಂಬಕ್ಕೆ ಸೇರಿದ ಹಾರ್ಸ್‌ರ‍್ಯಾಡಿಶ್ ಎಂಬ ಖಾರದ ಬೇರಿನಿಂದ ತೆಗೆದ ಪೆರಾಕ್ಸಿಡೇಸ್ ಎಂಬ ಕಿಣ್ವ ಸೇರಿರುತ್ತದೆ. ಕೊನೆಗೆ ಡ್ಯಾಬ್ ಎಂಬ ರಾಸಾಯನಿಕವನ್ನೂ ಚೂರು ಹೈಡ್ರೋಜನ್ ಪೆರಾಕ್ಸೈಡನ್ನೂ ಹಾಕಿದರೆ, ಬೇರಿನ ಕಿಣ್ವ ಅದನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಆ ಕಂದು ನೀರಿನಲ್ಲಿ ಕರಗದು, ಹುಟ್ಟಿದ ಜಾಗದಲ್ಲೇ ಕೂರುತ್ತದೆ. ಗಿಡದ ಬೇರಿನ ಕಿಣ್ವ ಹೀಗೆ ಮನುಷ್ಯರ ಮಿದುಳಿನ ಕಿಣ್ವ ಇರುವ ಜಾಗವನ್ನು ತೋರಿಸಿಕೊಡುತ್ತದೆ. ಪ್ರತಿಕಾಯಕ್ಕೆ ಪೆರಾಕ್ಸಿಡೇಸ್ ಜೋಡಿಸುವ ಉಪಾಯ 1966ರಲ್ಲಿ ನಕಾನೆ ಮತ್ತು ಪಿಯರ್ಸ್ ಅವರದು. ಅವರಿಗಿಂತ ಇಪ್ಪತ್ತೈದು ವರ್ಷ ಮೊದಲು, 1941ರಲ್ಲಿ, ಆಲ್ಬರ್ಟ್ ಕೂನ್ಸ್ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿದ್ದರು.

ನಿಮ್ಮ ಮನೆಯ ಹುಡುಗಿ ತೋರಿಸಿದ ಚಿತ್ರದಲ್ಲಿ ಬಣ್ಣ ಕಂದು ಇತ್ತೋ, ನೇರಳೆಯೋ, ಬೂದುಗಪ್ಪೋ ನೀವು ಬರೆದಿಲ್ಲ. ನಾನು ಕೇಳುವುದಕ್ಕೆ ಕಾರಣವಿದೆ. ಇಲಿಯ ಮಿದುಳಿನಲ್ಲಿ ಈ ಕೆಲಸ ಸುಲಭ, ಆ ಜಾಗದಲ್ಲಿ ಕಣ್ಣಿಗೆ ಕಾಣುವ ನ್ಯೂರೋಮೆಲನಿನ್ ಇರುವುದಿಲ್ಲ. ವಯಸ್ಸಾದ ಮನುಷ್ಯರ ಸಬ್‌ಸ್ಟಾನ್ಷಿಯಾ ನೈಗ್ರಾ ಹಾಗಲ್ಲ. ಏನೂ ಹಾಕದ ಪದರವನ್ನು ಸೂಕ್ಷ್ಮದರ್ಶಕದಡಿ ಇಟ್ಟರೂ ಕೋಶದೊಳಗೆ ಕಂದುಗಪ್ಪು ಕಾಳುಗಳು ಕಾಣುತ್ತವೆ. ಅದರ ಮೇಲೆ ಡ್ಯಾಬಿನ ಕಂದು ಬಂದು ಕೂತರೆ ಯಾವುದು ಸಹಜ ಬಣ್ಣ, ಯಾವುದು ಪ್ರತಿಕಾಯ ತೋರಿಸಿದ್ದು ಎಂದು ಬಿಡಿಸುವುದು ಕಷ್ಟ. ಕಣ್ಣು ಪಳಗಿದವರು ನೋಡುವುದು ಹೀಗೆ: ನ್ಯೂರೋಮೆಲನಿನ್ ಕಾಳುಕಾಳಾಗಿ ಕೋಶದ ಹೊಟ್ಟೆಯಲ್ಲಿ ಒಂದು ಕಡೆ ಗುಡ್ಡೆಯಾಗಿರುತ್ತದೆ. ಕಿಣ್ವದ ಬಣ್ಣ ಕೋಶದ ತುಂಬ ಸಮನಾಗಿ ಹರಡಿ, ಅಲ್ಲಿಂದ ಹೊರಟ ಎಳೆಗಳಿಗೂ ಹಬ್ಬಿರುತ್ತದೆ. ಈ ಗೊಂದಲವೇ ಬೇಡವೆಂದು ಹಲವರು ನೇರಳೆ ಅಥವಾ ನೀಲಿಬೂದು ಬಣ್ಣ ಕೊಡುವ ಬೇರೆ ರಾಸಾಯನಿಕ ಬಳಸುತ್ತಾರೆ.

ಈ ಕೆಲಸ ನಮ್ಮ ರಾಜ್ಯದಲ್ಲೇ ನಡೆದು ದೊಡ್ಡ ಪ್ರಶ್ನೆಯೊಂದನ್ನು ಎತ್ತಿದೆ. ನಿಮ್ಮ ಪತ್ರ ಓದಿದೊಡನೆ ನನಗೆ ನೆನಪಾಗಿದ್ದೂ ಅದೇ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ನರರೋಗಶಾಸ್ತ್ರದ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಮಿದುಳಿನ ಅಂಗಾಂಶಗಳ ಸಂಗ್ರಹಾಲಯ ಶುರುವಾಯಿತು. ಜನ ಅದನ್ನು ಬ್ರೈನ್ ಬ್ಯಾಂಕ್ ಎನ್ನುತ್ತಾರೆ. ಸಂಶೋಧಕರಿಗೆ ರೋಗ ಬಂದ ಮಿದುಳು ಎಷ್ಟು ಮುಖ್ಯವೋ ರೋಗವಿಲ್ಲದ ಮಿದುಳೂ ಅಷ್ಟೇ ಮುಖ್ಯ, ಹೋಲಿಸಿ ನೋಡಲು ಇನ್ನೊಂದು ಬೇಕಲ್ಲ. ಅಪಘಾತದಂಥ ಕಾರಣಗಳಿಂದ ಜೀವ ಹೋದವರ ಮನೆಯವರು, ಆ ದುಃಖದ ನಡುವೆಯೂ, ಒಪ್ಪಿಗೆಯ ಸಹಿ ಹಾಕಿದ್ದರಿಂದ ಬಂದ ಮಿದುಳುಗಳು ಇಲ್ಲಿ ಬಹಳ ಬೆಲೆಯುಳ್ಳವು. ಪ್ರತಿಕಾಯವನ್ನು ದುಡ್ಡು ಕೊಟ್ಟು ತರಿಸಬಹುದು. ಇದು ಮಾತ್ರ ಯಾರಾದರೂ ಕೊಟ್ಟರೆ ಉಂಟು.

ಬ್ರಿಟನ್ನಿನ ಫರ್ನ್‌ಲಿ ಮತ್ತು ಲೀಸ್ ಎಂಬ ವೈದ್ಯರು 1991ರಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಕಾಯಿಲೆ ಇಲ್ಲದವರಲ್ಲೂ ಸಬ್‌ಸ್ಟಾನ್ಷಿಯಾ ನೈಗ್ರಾದ ಬಣ್ಣದ ಕೋಶಗಳು ಪ್ರತಿ ಹತ್ತು ವರ್ಷಕ್ಕೆ ಶೇಕಡ 4.7ರಂತೆ ಕಡಿಮೆಯಾಗುತ್ತವೆ ಎಂಬುದು ಆ ಲೆಕ್ಕ. ವಯಸ್ಸಾಗುವುದೇ ಈ ಕಾಯಿಲೆಗೆ ದಾರಿ ಎಂಬ ಮಾತಿಗೆ ಅದರಿಂದ ಬಲ ಬಂತು. ನಿಮ್ಹಾನ್ಸಿನ ಉದಯ ಮುಠಾಣೆ, ಟಿ.ಸಿ. ಯಶಾ ಮತ್ತು ಶಂಕರ್ ಭಾರತೀಯರ ಮಿದುಳುಗಳಲ್ಲಿ ಇದೇ ಕೋಶಗಳನ್ನು ಎಣಿಸಿ 1998ರಲ್ಲಿ ಪ್ರಕಟಿಸಿದಾಗ ಬೇರೆಯೇ ಚಿತ್ರ ಸಿಕ್ಕಿತು. ಕೋಶಗಳ ಒಟ್ಟು ಸಂಖ್ಯೆ ಬ್ರಿಟಿಷರ ಲೆಕ್ಕಕ್ಕಿಂತ ಕಡಿಮೆ, ಆದರೆ ವಯಸ್ಸು ಏರಿದಂತೆ ಅದು ಇಳಿಯುತ್ತಿರಲಿಲ್ಲ. ಅಲ್ಲಿ ಎಣಿಸಿದ್ದು ನ್ಯೂರೋಮೆಲನಿನ್ ಇದ್ದ ಕೋಶಗಳನ್ನು. ಕೋಶ ಕಪ್ಪಾಗಿರಬಹುದು, ಅದು ಡೋಪಮಿನ್ ತಯಾರಿಸುವ ಸಿದ್ಧತೆಯಲ್ಲಿದೆಯೇ ಎಂದು ಕಪ್ಪು ಬಣ್ಣ ಹೇಳಲಾರದು. ಅದಕ್ಕೆ ಕಿಣ್ವವನ್ನೇ ಹುಡುಕಬೇಕು.

ಫಲ್ಗುಣಿ ಆನಂದ್ ಅಲ್ಲಾಡಿ ಮತ್ತು ಸಂಗಡಿಗರು ಮಾಡಿದ್ದು ಅದನ್ನೇ. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇನ್ನೂ ಹುಟ್ಟದ ಭ್ರೂಣದಿಂದ ಹಿಡಿದು ಮುಪ್ಪಿನವರೆಗಿನ ಭಾರತೀಯರ ನಡುಮಿದುಳುಗಳಿಗೆ ಟೈರೋಸಿನ್ ಹೈಡ್ರಾಕ್ಸಿಲೇಸಿನ ಪ್ರತಿಕಾಯ ಹಾಕಿ, ಬಣ್ಣ ಹಿಡಿದ ಕೋಶಗಳನ್ನು ಎಣಿಸಿದರು. ವಯಸ್ಸಿನ ಜೊತೆ ಹೇಳಿಕೊಳ್ಳುವಂಥ ಇಳಿಕೆ ಅಲ್ಲೂ ಕಾಣಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಬಿಳಿಯರಿಗಿಂತ ಭಾರತೀಯರಲ್ಲಿ ಕಡಿಮೆ ಎಂದು ಜನಸಮೀಕ್ಷೆಗಳು ಹೇಳುತ್ತಿದ್ದವು. ಬೆಂಗಳೂರಿನಲ್ಲೇ 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಯುರೋಪಿಯನ್ ಮತ್ತು ಭಾರತೀಯ ಮೂಲ ಎರಡೂ ಕೂಡಿದ ಆಂಗ್ಲೋ ಇಂಡಿಯನ್ನರಲ್ಲಿ ಈ ಕಾಯಿಲೆ ಉಳಿದ ಭಾರತೀಯರಿಗಿಂತಲೂ ಕಡಿಮೆ ಕಂಡಿತ್ತು. ಬರೀ ವಂಶವಾಹಿಯ ಲೆಕ್ಕ ಹಿಡಿದವರಿಗೆ ಅದು ನಿರೀಕ್ಷೆಯೇ ಇಲ್ಲದ ಫಲಿತಾಂಶ. ಇವೆಲ್ಲ ಸೇರಿ ‘ಭಾರತೀಯರಿಗೆ ಪಾರ್ಕಿನ್ಸನ್ ಬರುವುದಿಲ್ಲ’ ಎಂದಾಗುವುದಿಲ್ಲ. ನಿಮ್ಮ ಮನೆಯಲ್ಲೇ ಬಂದಿದೆ. ಮುಪ್ಪು ಬಂದ ಮಾತ್ರಕ್ಕೆ ಈ ಕೋಶಗಳು ಸವೆದೇ ಸವೆಯುತ್ತವೆ ಎಂಬ ಮಾತನ್ನು ಎಲ್ಲ ದೇಶದ ಮನುಷ್ಯರಿಗೂ ಅನ್ವಯಿಸುವಂತಿಲ್ಲ, ಬೇರೆ ಕಾರಣಗಳನ್ನೂ ಹುಡುಕಬೇಕು ಎಂಬಷ್ಟು ಮಾತ್ರ ಗಟ್ಟಿಯಾಯಿತು. ಲಂಡನ್ನಿನ ಮಿದುಳು ನೋಡಿ ಬರೆದ ಪಾಠವನ್ನು ನಮ್ಮವರು ನಮ್ಮ ಮಿದುಳಿನಲ್ಲಿ ಒರೆಗೆ ಹಚ್ಚಿ ನೋಡಿದರಲ್ಲ, ನನಗೆ ಬಹಳ ಮೆಚ್ಚುಗೆಯಾಗುವುದು ಅದು.

ಲಕ್ಷಗಟ್ಟಲೆ ಕೋಶಗಳನ್ನು ಎಣಿಸುವುದು ಹೇಗೆ ಎಂದು ನಿಮಗೆ ಅನ್ನಿಸಬಹುದು. ನಿಮ್ಮೂರಿನಲ್ಲಿ ರಾಗಿಯ ಇಳುವರಿ ತಿಳಿಯಲು ಬೆಳೆ ಕಟಾವು ಪ್ರಯೋಗ ಮಾಡುತ್ತಾರಲ್ಲ, ಅದೇ ಕ್ರಮ. ಹೊಲವನ್ನೆಲ್ಲ ಕೊಯ್ಯುವುದಿಲ್ಲ. ಯಾರ ಇಷ್ಟಕ್ಕೂ ಬಿಡದೆ ಆರಿಸಿದ ಚೌಕ ಅಳೆದು, ಅಷ್ಟನ್ನೇ ಕೊಯ್ದು ತೂಗಿ, ಹೋಬಳಿಯ ಲೆಕ್ಕ ಕಟ್ಟುತ್ತಾರೆ. ಇಲ್ಲೂ ನಡುಮಿದುಳನ್ನು ಮೊದಲಿನಿಂದ ಕೊನೆಯವರೆಗೆ ಪದರಪದರವಾಗಿ ಸೀಳಿ, ಇಂತಿಷ್ಟು ಪದರಕ್ಕೊಂದನ್ನು ತೆಗೆದುಕೊಂಡು, ಅದರ ಮೇಲೆ ಕಂಪ್ಯೂಟರ್ ಹಾಕಿಕೊಟ್ಟ ಚೌಕಗಳಲ್ಲಿ ಸಿಕ್ಕ ಕೋಶಗಳನ್ನಷ್ಟೇ ಎಣಿಸುತ್ತಾರೆ. ಚೆನ್ನಾಗಿ ಕಾಣುವ ಜಾಗವನ್ನೇ ಆರಿಸಿಕೊಂಡರೆ ಎರಡು ಕಡೆಯೂ ಲೆಕ್ಕ ಕೆಡುತ್ತದೆ. ಎಣಿಸುವವರಿಗೆ ಇದು ಯಾರ ಮಿದುಳು, ಎಷ್ಟು ವಯಸ್ಸಿನದು ಎಂದು ತಿಳಿಸದೆ ಸ್ಲೈಡಿನ ಮೇಲೆ ಬರೀ ಸಂಖ್ಯೆ ಬರೆದಿರುವುದೂ ಒಳ್ಳೆಯ ಪದ್ಧತಿ.

ನಿಮ್ಮ ಎರಡನೆಯ ಪ್ರಶ್ನೆಯೇ ಮೂರರಲ್ಲಿ ಚೂಪಾದದ್ದು. ಬಣ್ಣ ಹಿಡಿಯದಿದ್ದರೆ ಕೋಶ ಸತ್ತಿದೆ ಎಂದಲ್ಲ. ಕೋಶ ಬದುಕಿದ್ದು ಕಿಣ್ವದ ತಯಾರಿಕೆ ಮಾತ್ರ ನಿಂತಿರಬಹುದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹಾಗೂ ಆಗುತ್ತದೆ. ನ್ಯೂರೋಮೆಲನಿನ್ ಇದ್ದೂ ಟೈರೋಸಿನ್ ಹೈಡ್ರಾಕ್ಸಿಲೇಸ್ ಕಾಣದ ಕೋಶಗಳು ಸಿಗುತ್ತವೆ. ಸಾವಿನ ನಂತರ ಬಹಳ ಹೊತ್ತು ಕಳೆದಿದ್ದರೆ ಪ್ರೋಟೀನುಗಳು ಒಡೆಯತೊಡಗಿರುತ್ತವೆ. ಫಾರ್ಮಲಿನ್ನಿನಲ್ಲಿ ಅತಿಯಾಗಿ ನೆಂದಿದ್ದರೆ ಪ್ರತಿಕಾಯಕ್ಕೆ ಜಾಗ ಸಿಗದೆ ಹೋಗಿರಬಹುದು. ಕೆಟ್ಟುಹೋದ ಬಾಟಲಿಯೂ ಕಾರಣವಾಗಬಹುದು. ಈ ಅನುಮಾನಗಳಿಗಾಗಿಯೇ ಪಕ್ಕದ ಪದರಕ್ಕೆ ನರಕೋಶಗಳನ್ನೆಲ್ಲ ತೋರಿಸುವ ನಿಸ್ಲ್ ಬಣ್ಣ ಹಾಕಿ, ಒಟ್ಟು ಎಷ್ಟು ಕೋಶಗಳಿವೆ, ಅವುಗಳಲ್ಲಿ ಎಷ್ಟಕ್ಕೆ ಕಿಣ್ವವಿದೆ ಎಂದು ಎರಡನ್ನೂ ನೋಡುತ್ತಾರೆ. ಬಣ್ಣ ಹಿಡಿದರೂ ಹೇಳಬಹುದಾದ್ದು ಇಷ್ಟೇ: ಕಿಣ್ವ ಅಲ್ಲಿದೆ. ಅದು ಕೆಲಸ ಮಾಡುತ್ತಿತ್ತೋ ಸುಮ್ಮನಿತ್ತೋ ಈ ಪ್ರತಿಕಾಯ ಹೇಳದು. ಕಿಣ್ವಕ್ಕೆ ನಿರ್ದಿಷ್ಟ ಜಾಗದಲ್ಲಿ ಫಾಸ್ಫೇಟ್ ಸೇರಿದಾಗ ಅದರ ಚುರುಕು ಹೆಚ್ಚುತ್ತದೆ. ಫಾಸ್ಫೇಟ್ ಸೇರಿದ ರೂಪವನ್ನಷ್ಟೇ ಹಿಡಿಯುವ ಬೇರೆ ಪ್ರತಿಕಾಯಗಳಿವೆ.

ಅದಕ್ಕೇ ಒಳ್ಳೆಯ ಪ್ರಯೋಗಾಲಯದಲ್ಲಿ ಒಂದು ಸ್ಲೈಡನ್ನು ಮಾತ್ರ ಮಾಡುವುದಿಲ್ಲ. ಕಿಣ್ವ ಇದ್ದೇ ಇರುತ್ತದೆ ಎಂದು ಗೊತ್ತಿರುವ ಅಡ್ರಿನಲ್ ಗ್ರಂಥಿಯ ಒಳಭಾಗದ ತುಂಡೊಂದನ್ನು ಜೊತೆಗಿಡುತ್ತಾರೆ. ಅದಕ್ಕೂ ಬಣ್ಣ ಬರದಿದ್ದರೆ ಆ ದಿನದ ಕೆಲಸವನ್ನು ಬದಿಗಿಡಬೇಕು. ಇನ್ನೊಂದಕ್ಕೆ ಮೊಲದ ಪ್ರತಿಕಾಯ ಬಿಟ್ಟು ಉಳಿದೆಲ್ಲವನ್ನೂ ಹಾಕುತ್ತಾರೆ. ಅಲ್ಲಿ ಬಣ್ಣ ಬಂದರೆ ಬೇರೆಲ್ಲೋ ಎಡವಟ್ಟಾಗಿದೆ. ಅಂಗಾಂಶವನ್ನು ಅರೆದು ಪ್ರೋಟೀನುಗಳನ್ನು ತೂಕದ ಪ್ರಕಾರ ಸಾಲಾಗಿ ಬೇರ್ಪಡಿಸಿದಾಗ ಪ್ರತಿಕಾಯ ಸುಮಾರು 60 ಕಿಲೋಡಾಲ್ಟನ್ ಇರುವ ಒಂದೇ ಪಟ್ಟಿಗೆ ಅಂಟಬೇಕು. ಅಷ್ಟು ಈ ಕಿಣ್ವದ ಒಂದು ಸರಪಳಿಯ ತೂಕ. ಇಷ್ಟೆಲ್ಲ ಜಾಗ್ರತೆ ಅತಿಯಾಯಿತು ಎನ್ನುವಂತಿಲ್ಲ. ಈಸ್ಟ್ರೋಜನ್ ಗ್ರಾಹಕದ ಬೀಟಾ ರೂಪವನ್ನು ಹಿಡಿಯುತ್ತವೆ ಎಂದು ಮಾರಾಟವಾಗುತ್ತಿದ್ದ 13 ಪ್ರತಿಕಾಯಗಳನ್ನು ಸ್ವೀಡನ್ನಿನ ಸಂಶೋಧಕರು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಸರಿಯಾಗಿ ಹಿಡಿಯುತ್ತಿದ್ದದ್ದು ಒಂದೇ ಒಂದು. ಉಳಿದವುಗಳನ್ನು ನಂಬಿ ವರ್ಷಗಟ್ಟಲೆ ಬರೆದ ಪ್ರಬಂಧಗಳ ಗತಿ ಏನೆಂದು ಯೋಚಿಸಿ. ಅದರ ಹಿಂದೆ ಜನರು ದಾನ ಕೊಟ್ಟ ಅಂಗಾಂಶವೂ ಇತ್ತು, ಸರ್ಕಾರದ ಹಣವೂ ಇತ್ತು. ಪ್ರತಿಕಾಯವನ್ನು ಮೊದಲು ಪರೀಕ್ಷಿಸದೆ ಅಂಗಾಂಶ ಮುಟ್ಟಬಾರದು ಎಂಬ ಹಟ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಯಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ದೊಡ್ಡಪ್ಪನವರಿಗೆ ಈ ಪರೀಕ್ಷೆ ಮಾಡಿಸುವ ಪ್ರಶ್ನೆಯೇ ಇಲ್ಲ. ಬದುಕಿರುವವರ ನಡುಮಿದುಳಿನಿಂದ ಇದಕ್ಕಾಗಿ ಯಾರೂ ತುಂಡು ತೆಗೆಯುವುದಿಲ್ಲ, ತೆಗೆಯಲೂಬಾರದು. ಬದುಕಿರುವವರಲ್ಲಿ ಇದೇ ಪ್ರತಿಕಾಯ ಉಪಯೋಗಕ್ಕೆ ಬರುವುದು ಬೇರೆ ಕಡೆ. ಮಕ್ಕಳಲ್ಲಿ ಕಾಣುವ ನ್ಯೂರೋಬ್ಲಾಸ್ಟೋಮಾ, ಅಡ್ರಿನಲ್ ಗ್ರಂಥಿಯ ಫಿಯೋಕ್ರೋಮೋಸೈಟೋಮಾ ಮುಂತಾದ ಗೆಡ್ಡೆಗಳನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದಾಗ ಅದು ಯಾವ ಬಗೆಯ ಗೆಡ್ಡೆ ಎಂದು ಖಚಿತಪಡಿಸಲು ನೆರವಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯನ್ನು ನರರೋಗ ತಜ್ಞರು ಪತ್ತೆ ಮಾಡುವುದು ಕಣ್ಣಿನಿಂದ ಮತ್ತು ಕೈಯಿಂದ. ಕೈ ಸುಮ್ಮನಿದ್ದಾಗ ನಡುಗುತ್ತದೆಯೇ, ಮೊಣಕೈ ಮಡಿಸಿದಾಗ ಬಿಗಿತವಿದೆಯೇ, ನಡಿಗೆ ನಿಧಾನವಾಗಿ ಒಂದು ಕೈ ಬೀಸುವುದು ನಿಂತಿದೆಯೇ, ಅಕ್ಷರ ಬರಬರುತ್ತಾ ಸಣ್ಣದಾಗುತ್ತಿದೆಯೇ, ಎಲ್-ಡೋಪಾ ಕೊಟ್ಟಾಗ ಸುಧಾರಿಸಿತೇ ಎಂದೆಲ್ಲ ನೋಡುತ್ತಾರೆ. ತೀರಾ ಅನುಮಾನವಿದ್ದರೆ ಟ್ರೋಡ್ಯಾಟ್ ಸ್ಕ್ಯಾನ್ ಬರೆಯುವುದುಂಟು. ಅದು ತೋರಿಸುವುದು ಡೋಪಮಿನ್ನನ್ನು ಕೋಶದೊಳಕ್ಕೆ ಹಿಂದಕ್ಕೆ ಸಾಗಿಸುವ ಪ್ರೋಟೀನನ್ನು, ಟೈರೋಸಿನ್ ಹೈಡ್ರಾಕ್ಸಿಲೇಸನ್ನಲ್ಲ. ಎಲ್ಲರಿಗೂ ಅದು ಬೇಕಾಗುವುದಿಲ್ಲ.

ಮನೆಯಲ್ಲಿ ನೀವು ಮಾಡಬಹುದಾದ ಸಹಾಯ ಮಾತ್ರ ಇದೆ. ಎಲ್-ಡೋಪಾ ಕರುಳಿನಿಂದ ರಕ್ತಕ್ಕೂ, ರಕ್ತದಿಂದ ಮಿದುಳಿಗೂ ಹೋಗುವುದು ಊಟದ ಪ್ರೋಟೀನಿನಿಂದ ಬಂದ ಅಮೈನೋ ಆಮ್ಲಗಳು ಹೋಗುವ ದಾರಿಯಲ್ಲೇ. ಕಾಳುಸಾರು, ಮೊಟ್ಟೆ, ಬಾಡೂಟದ ಜೊತೆಯಲ್ಲೇ ಮಾತ್ರೆ ನುಂಗಿದರೆ ಕೆಲವರಿಗೆ ಮದ್ದು ಸರಿಯಾಗಿ ಹತ್ತುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ. ಹೊಟ್ಟೆ ತೊಳಸುವುದಾದರೆ ಏನು ಮಾಡಬೇಕೆಂದು ಅವರೇ ಹೇಳುತ್ತಾರೆ. ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತಿಳಿಸಿ, ಎರಡಕ್ಕೂ ನಡುವೆ ಅಂತರ ಬೇಕು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ, ಜ್ವರ ಏರಿ ಮೈ ಬಿಗಿದು ಪ್ರಾಣಕ್ಕೇ ಕುತ್ತು ಬರಬಹುದು. ಬೇಲಿಯ ನಸುಗುನ್ನಿ ಬೀಜವನ್ನು ಪುಡಿಮಾಡಿ ಕೊಡುವ ಯೋಚನೆಯೂ ಬೇಡ. ಒಂದೊಂದು ಬೀಜದಲ್ಲಿ ಎಲ್-ಡೋಪಾ ಒಂದೊಂದು ಪ್ರಮಾಣದಲ್ಲಿರುತ್ತದೆ. ಈಗ ನುಂಗುತ್ತಿರುವ ಮಾತ್ರೆಯ ಮೇಲೆ ಅದೂ ಸೇರಿದರೆ ವಾಂತಿ, ರಕ್ತದೊತ್ತಡ ಕುಸಿತ, ಭ್ರಮೆ ಆಗಬಹುದು. ಆಯುರ್ವೇದದ ಔಷಧಿ ಆಗಲೇ ಶುರು ಮಾಡಿದ್ದರೆ ಅದರ ಡಬ್ಬಿಯನ್ನು ಮುಂದಿನ ಸಲ ನರರೋಗ ತಜ್ಞರ ಬಳಿಗೆ ತೆಗೆದುಕೊಂಡು ಹೋಗಿ, ಮೇಲಿನ ಚೀಟಿ ತೋರಿಸಿ.